ಹಾಡು ಉಳಿಯಿತು, ಹಾಡಿದವರ ಹೆಸರು ಉಳಿಯಲಿಲ್ಲ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಸಂಜೆ ಅಲ್ಲಿ ಕುಳಿತು ಗಾಳಿ ಸೇವಿಸುವ ಪ್ರವಾಸಿಗರಲ್ಲಿ ಹಲವರಿಗೆ ಆ ಹೆಸರಿನ ಕಾರಣವೂ ಗೊತ್ತು. ಕವಿ ತಮ್ಮ ಯೌವನದಲ್ಲಿ ಇಲ್ಲಿ ಕೆಲಕಾಲ ತಂಗಿದ್ದರು, ಇಲ್ಲಿಯೇ ಒಂದು ನಾಟಕ ಬರೆದರು ಎಂಬುದನ್ನು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಆದರೆ ಟ್ಯಾಗೋರರು ಕಾರವಾರದಿಂದ ಏನನ್ನು ಕೊಂಡೊಯ್ದರು ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ಕೇಳಿಕೊಂಡಿಲ್ಲ. ಕಾಳಿ ನದಿಯ ಬೆಳದಿಂಗಳನ್ನು ಅವರು ಕೊಂಡೊಯ್ದರು; ಅದು ಯಾರ ಸ್ವತ್ತೂ ಅಲ್ಲ. ಅದರ ಜೊತೆಗೆ ಕನ್ನಡದ ಹಾಡುಗಳ ಧಾಟಿಯೂ ಬಂಗಾಳಕ್ಕೆ ಹೋಯಿತು. ಅದನ್ನು ಹಾಡಿದ ಕಂಠ ಯಾರದಾದರೂ ಆಗಿರಲೇಬೇಕಲ್ಲವೆ?

ಸಂಗತಿ 1883ರದು. ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರರು ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೊದಲ ಭಾರತೀಯರು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಅವರು ನ್ಯಾಯಾಧೀಶರಾಗಿದ್ದರು. ತಮ್ಮನಿಗೆ ಇಪ್ಪತ್ತೆರಡರ ಪ್ರಾಯ. ಕುಟುಂಬದವರೊಂದಿಗೆ ಅಣ್ಣನ ಮನೆಗೆ ಬಂದವರು ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯೊಬ್ಬಳ ಪ್ರೀತಿ ಮತ್ತೆ ಲೋಕದ ಕಡೆಗೆ ಎಳೆಯುವ ಕಥೆ ಅದು. ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಆ ನಾಟಕವೇ ಪೀಠಿಕೆಯೆಂದು ಭಾವಿಸಬಹುದು ಎಂಬ ಅಭಿಪ್ರಾಯವನ್ನು ಕವಿಯೇ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆ ಪುಸ್ತಕದಲ್ಲಿ ಕಾರವಾರಕ್ಕಾಗಿಯೇ ಒಂದು ಅಧ್ಯಾಯವಿದೆ. ಊರಿನ ಮಟ್ಟಿಗೆ ಇದು ತುಂಬು ಗೌರವದ ಋಣಸ್ವೀಕಾರ.

ಹಾಡಿನ ಕಥೆ ಬೇರೆ. ಬಂಗಾಳದ ಸಂಗೀತ ವಿದ್ವಾಂಸರು ರವೀಂದ್ರರ ಒಂದು ವರ್ಗದ ಗೀತೆಗಳನ್ನು ‘ಭಾಂಗಾ ಗಾನ್’ ಎಂದು ಕರೆಯುತ್ತಾರೆ. ‘ಒಡೆದ ಹಾಡು’ ಎಂಬುದು ಅದರ ಪದಶಃ ಅರ್ಥ. ಇರುವ ಹಾಡೊಂದನ್ನು ಒಡೆದು, ಅದರ ಧಾಟಿಯನ್ನು ಉಳಿಸಿಕೊಂಡು, ಹೊಸ ಮಾತುಗಳನ್ನು ಕೂರಿಸಿ ಕಟ್ಟಿದ್ದು ಎಂದು ತಾತ್ಪರ್ಯ. ಹಿಂದೂಸ್ತಾನಿ ಬಂದಿಶ್‌ಗಳು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳ ಜನಪದ ಗೀತೆಗಳು, ಬಾವುಲರ ಪದಗಳು, ಕರ್ನಾಟಕ ಸಂಗೀತದ ಕೃತಿಗಳು ಹೀಗೆ ಅವರ ಕೈಯಲ್ಲಿ ಮರುಹುಟ್ಟು ಪಡೆದವು. ಮುತ್ತುಸ್ವಾಮಿ ದೀಕ್ಷಿತರ ಮೀನಾಕ್ಷಿಯ ಕೀರ್ತನೆ ಬಂಗಾಳಿಯ ವಸಂತಗೀತೆಯಾಯಿತು. ಆ ಪಟ್ಟಿಯಲ್ಲಿಯೇ ‘ಬಡೋ ಆಶಾ ಕೊರೆ’ ಎಂಬ ಪ್ರಾರ್ಥನೆಯೂ ಇದೆ. ಅದರ ಮೂಲ ‘ಸಖಿ ಬಾ ಬಾ’ ಎಂಬ ಕನ್ನಡ ಹಾಡು ಎಂದು ನಮೂದಾಗಿದೆ. ಸಖಿಯನ್ನು ಕರೆಯುವ ಧಾಟಿಯು ತಾಯಿಗೆ ಮೊರೆಯಿಡುವ ಪ್ರಾರ್ಥನೆಯಾಗಿ, ಇಂದಿಗೂ ಬಂಗಾಳದ ಮನೆಮನೆಗಳಲ್ಲಿ ಕೇಳಿಬರುತ್ತಿದೆ. ಕನ್ನಡ ಮೂಲದ್ದೆಂದು ಗುರುತಿಸಲಾದ ಇನ್ನೂ ಕೆಲವು ಗೀತೆಗಳಿವೆ.

ಈ ಮೂಲಗಳ ಪಟ್ಟಿಯನ್ನು ಶ್ರದ್ಧೆಯಿಂದ ಸಿದ್ಧಪಡಿಸಿದವರಲ್ಲಿ ಮುಖ್ಯರು ಇಂದಿರಾದೇವಿ ಚೌಧುರಾಣಿ. ಕಾರವಾರದ ನ್ಯಾಯಾಧೀಶರಾಗಿದ್ದ ಅದೇ ಸತ್ಯೇಂದ್ರನಾಥರ ಮಗಳು. ಅಂದರೆ ಟ್ಯಾಗೋರ್ ಮನೆತನ ತನ್ನ ಸಾಲವನ್ನು ಮುಚ್ಚಿಡಲಿಲ್ಲ, ಲೆಕ್ಕ ಬರೆದಿಟ್ಟಿತು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಣ ಖಾಲಿ ಇದೆ. ದೀಕ್ಷಿತರ ಕೃತಿಯ ಮುಂದೆ ದೀಕ್ಷಿತರ ಹೆಸರಿದೆ, ಕನ್ನಡ ಹಾಡಿನ ಮುಂದೆ ಭಾಷೆಯ ಹೆಸರಷ್ಟೇ ಇದೆ. ಹಾಡಿ ಕೇಳಿಸಿದವರು ಮನೆಗೆಲಸದವರೋ, ದೇವಸ್ಥಾನದ ಗಾಯಕಿಯೋ, ದೋಣಿ ನಡೆಸುವವರೋ, ಅಣ್ಣನ ಕಚೇರಿಯ ಗುಮಾಸ್ತರೋ, ಅವರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಇದನ್ನು ಅನಿವಾರ್ಯ ಎಂದು ತಳ್ಳಿಹಾಕುವಂತಿಲ್ಲ. ಅದೇ ಕವಿಯ ಬದುಕಿನಲ್ಲಿಯೇ ಇದಕ್ಕೆ ಎದುರಾದ ಉದಾಹರಣೆಯಿದೆ. 1905ರ ಬಂಗಾಳ ವಿಭಜನೆಯ ಸಮಯದಲ್ಲಿ ಅವರು ಬರೆದ, ಇಂದು ಬಾಂಗ್ಲಾದೇಶದ ರಾಷ್ಟ್ರಗೀತೆಯಾಗಿರುವ ‘ಆಮಾರ್ ಶೋನಾರ್ ಬಾಂಗ್ಲಾ’ದ ಧಾಟಿ ಗಗನ್ ಎಂಬ ಬಾವುಲ ಗಾಯಕನದು. ಟ್ಯಾಗೋರರ ಜಮೀನುದಾರಿಯಿದ್ದ ಶಿಲಾಯಿದಹದಲ್ಲಿ ಅವನು ಅಂಚೆ ಹಂಚುವ ಕೆಲಸದಲ್ಲಿದ್ದ. ಆದ್ದರಿಂದಲೇ ಅವನಿಗೆ ‘ಗಗನ್ ಹರಕರಾ’ ಎಂಬ ಹೆಸರು. ನಮ್ಮ ‘ಹರಿಕಾರ’ ಎಂಬ ಮಾತಿಗೂ ಅದೇ ಮೂಲ. 1922ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪ್ರಬಂಧ ಸಂಕಲನದಲ್ಲಿ ಟ್ಯಾಗೋರರು ಈ ಅಂಚೆಯವನ ಹೆಸರು ಹೇಳಿ, ಅವನ ಉದ್ಯೋಗ ಹೇಳಿ, ಅವನಿಗೆ ದೊರೆಯುತ್ತಿದ್ದ ಅಲ್ಪ ಸಂಬಳವನ್ನೂ ಹೇಳಿದರು. ನೊಬೆಲ್ ಪುರಸ್ಕೃತರ ಆ ಒಂದೆರಡು ವಾಕ್ಯಗಳಿಂದ ಹಳ್ಳಿಯ ಅಂಚೆಯವನೊಬ್ಬ ಸಾಹಿತ್ಯ ಚರಿತ್ರೆಯಲ್ಲಿ ಉಳಿದುಕೊಂಡ. ಶಿಲಾಯಿದಹದವನಿಗೆ ದೊರೆತದ್ದು ಕಾರವಾರದವರಿಗೆ ದೊರೆಯಲಿಲ್ಲ. ಇಪ್ಪತ್ತೆರಡರ ತರುಣನಿಗೆ ಕೇಳಬೇಕೆಂದು ತೋರದ ಹೆಸರು ಅರವತ್ತರ ಹಿರಿಯನಿಗೆ ಬರೆಯಲೇಬೇಕೆಂದು ತೋರಿತು ಎನ್ನೋಣ.

<b>ಕಳವು ಯಾವುದು, ಕಡ ಯಾವುದು?</b>

ಹಾಗಾದರೆ ಟ್ಯಾಗೋರರು ಕನ್ನಡದ ಹಾಡನ್ನು ಕದ್ದರೇ? ಹಾಗೆನ್ನುವುದು ಅವಿವೇಕವಾದೀತು. ಕಳವಿನಲ್ಲಿ ಕಳೆದುಕೊಂಡವನ ಬಳಿ ವಸ್ತು ಉಳಿಯುವುದಿಲ್ಲ. ಹಾಡು ಹಾಗಲ್ಲ, ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪದ ಬೆಳಕು ಕಡಿಮೆಯಾಗದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾವು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು: ಒಬ್ಬರು ಅನುಭವಿಸಿದ ಮಾತ್ರಕ್ಕೆ ಇನ್ನೊಬ್ಬರ ಪಾಲಿಗೆ ಕೊರತೆಯಾಗದ ವಸ್ತುಗಳಿಗೆ ಬೇಲಿ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು. ಪ್ರತಿ ಪ್ರಭಾವಕ್ಕೂ ಅನುಮತಿ, ಪ್ರತಿ ಧಾಟಿಗೂ ಶುಲ್ಕ ಎಂದು ಹೊರಟರೆ ಕಲೆಯೇ ನಿಂತುಹೋಗುತ್ತದೆ.

ಕನ್ನಡ ಸಾಹಿತ್ಯವಂತೂ ಕೊಡುಕೊಳ್ಳುವಿಕೆಯಿಂದಲೇ ಬೆಳೆದದ್ದು. ನಮಗೆ ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹಳಷ್ಟು ಋಣಿ. ಆದರೆ ಅದೇ ಗ್ರಂಥ ತನಗಿಂತ ಹಿಂದಿನ ಕನ್ನಡದ ಗದ್ಯ ಮತ್ತು ಪದ್ಯ ಲೇಖಕರನ್ನು ಹೆಸರಿಸಿಯೇ ಸ್ಮರಿಸುತ್ತದೆ. ಆ ಲೇಖಕರ ಕೃತಿಗಳು ನಮಗೆ ದೊರೆತಿಲ್ಲ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬವರು ಕನ್ನಡದ ಲೇಖಕರಾಗಿದ್ದರೆಂಬುದನ್ನು ನಾವು ತಿಳಿದದ್ದೇ ಆ ಸ್ಮರಣೆಯಿಂದ. ಒಂಬತ್ತನೆಯ ಶತಮಾನದ ಆ ಸೌಜನ್ಯ ಇಲ್ಲದಿದ್ದರೆ ಕನ್ನಡ ಸಾಹಿತ್ಯದ ಚರಿತ್ರೆಗೆ ತನ್ನ ಪೂರ್ವಿಕರ ಹೆಸರೇ ಸಿಗುತ್ತಿರಲಿಲ್ಲ. ವಚನಕಾರರು ಮತ್ತು ಹರಿದಾಸರು ‘ಅಂಕಿತ’ ಎಂಬ ಉಪಾಯವನ್ನು ರೂಢಿಸಿದರು. ಬಾಯಿಂದ ಬಾಯಿಗೆ ಹರಡುವ ಪದದೊಳಗೆ ಕರ್ತೃವಿನ ಗುರುತನ್ನು ನೇಯ್ದುಬಿಟ್ಟರೆ ಹಾಡುವವನು ಬೇಡವೆಂದರೂ ಅದನ್ನು ಬಿಡಲಾಗದು. ಅಂಕಿತದಲ್ಲಿ ಇದ್ದದ್ದು ದೇವರ ಹೆಸರಾದರೂ ಅದರ ಮೂಲಕ ಉಳಿದದ್ದು ಭಕ್ತನ ಗುರುತು. ಆಧುನಿಕ ಕಾಲದಲ್ಲಿ ಬಿ.ಎಂ.ಶ್ರೀಕಂಠಯ್ಯನವರು ತಮ್ಮ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಹೊಸಗನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ಆ ಪುಸ್ತಕದ ಶೀರ್ಷಿಕೆಯೇ ಒಂದು ಋಣಪತ್ರ.

ಪ್ರಭಾವ, ಅನುವಾದ, ರೂಪಾಂತರ ಇವಾವುವೂ ದೋಷವಲ್ಲ. ಎಲ್ಲಿಂದ ಬಂತು ಎಂಬುದನ್ನು ಹೇಳದೆ ಉಳಿಯುವುದು ದೋಷ. ಹೇಳದೆ ಉಳಿಯುವುದರಲ್ಲಿಯೂ ಎರಡು ಬಗೆ. ತಿಳಿದೂ ಮುಚ್ಚಿಡುವುದು ಕೃತಿಚೌರ್ಯ. ಅದನ್ನು ಎಲ್ಲರೂ ಖಂಡಿಸುತ್ತಾರೆ. ತಿಳಿದುಕೊಳ್ಳಬೇಕೆಂದೇ ಅನ್ನಿಸದಿರುವುದು ಇನ್ನೊಂದು. ಅದನ್ನು ಯಾರೂ ಖಂಡಿಸುವುದಿಲ್ಲ, ಅದಕ್ಕೊಂದು ಹೆಸರೂ ಇಲ್ಲ. ನಮ್ಮ ಜನಪದ ಕಲಾವಿದರಿಗೆ ಹೆಚ್ಚಿನ ಅನ್ಯಾಯ ಆಗಿರುವುದು ಈ ಎರಡನೆಯ ಬಗೆಯಿಂದ.

<b>ಕಾನೂನಿನ ಕಣ್ಣು</b>

ಕಾನೂನು ಇಲ್ಲಿ ಎಷ್ಟು ನೆರವಾಗಬಲ್ಲದು? 1957ರ ಕೃತಿಸ್ವಾಮ್ಯ ಅಧಿನಿಯಮದ 57ನೇ ಪ್ರಕರಣವು ಲೇಖಕನಿಗೆ ವಿಶೇಷ ಹಕ್ಕೊಂದನ್ನು ಕೊಟ್ಟಿದೆ. ಕೃತಿಯ ಆರ್ಥಿಕ ಹಕ್ಕುಗಳನ್ನೆಲ್ಲ ಮಾರಿಬಿಟ್ಟಿದ್ದರೂ ‘ಇದರ ಕರ್ತೃ ನಾನು’ ಎಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿಯೇ ಉಳಿಯುತ್ತದೆ. 2012ರ ತಿದ್ದುಪಡಿಯು ಪ್ರದರ್ಶಕ ಕಲಾವಿದರಿಗೂ ಗುರುತಿಸಲ್ಪಡುವ ಹಕ್ಕನ್ನು ವಿಸ್ತರಿಸಿತು. ಹಾಡನ್ನು ರಚಿಸದೆ ಬರಿದೆ ಹಾಡಿದವರಿಗೂ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ ಎಂದು ಇದರ ಸಾರ. ಈ ಹಕ್ಕು ಇದೆಯೆಂಬುದು ಬಹುಪಾಲು ಹಳ್ಳಿಯ ಕಲಾವಿದರಿಗೆ ತಿಳಿದಿಲ್ಲ. ಅವರನ್ನು ಆಹ್ವಾನಿಸುವ ಅಧಿಕಾರಿಗಳಿಗೂ ತಿಳಿದಂತಿಲ್ಲ.

ಕಾನೂನು ಯಾರಿಗಾಗಿ ಎಚ್ಚರವಾಗಿರುತ್ತದೆ ಎಂಬುದಕ್ಕೆ ಟ್ಯಾಗೋರರ ಕೃತಿಗಳದೇ ನಿದರ್ಶನವಿದೆ. ಕವಿ ನಿಧನರಾದದ್ದು 1941ರಲ್ಲಿ. ಅಂದಿನ ನಿಯಮದಂತೆ ಐವತ್ತು ವರ್ಷಗಳ ಕೃತಿಸ್ವಾಮ್ಯ 1991ರ ಕೊನೆಗೆ ಮುಗಿಯುವುದಿತ್ತು. ಹಕ್ಕು ವಿಶ್ವಭಾರತಿಯ ಬಳಿ ಇತ್ತು. ಅದು ಕೈತಪ್ಪಬಾರದೆಂಬ ಒತ್ತಾಯದ ಹಿನ್ನೆಲೆಯಲ್ಲಿ 1992ರಲ್ಲಿ ಕಾಯ್ದೆಯನ್ನೇ ತಿದ್ದಿ ಅವಧಿಯನ್ನು ಅರವತ್ತು ವರ್ಷಗಳಿಗೆ ವಿಸ್ತರಿಸಲಾಯಿತು. ಹೀಗಾಗಿ ‘ಬಡೋ ಆಶಾ ಕೊರೆ’ಯೂ ಸೇರಿದಂತೆ ಅವರ ಗೀತೆಗಳೆಲ್ಲ 2001ರ ಕೊನೆಯವರೆಗೆ ರಕ್ಷಿತವಾಗಿದ್ದವು. ರಾಷ್ಟ್ರಕವಿಯ ಕೃತಿಗಳಿಗೆ ಇಷ್ಟು ಕಾಳಜಿ ಸಲ್ಲಬೇಕಾದದ್ದೇ, ನನ್ನ ಆಕ್ಷೇಪವಿಲ್ಲ. ಆದರೆ ಒಂದೇ ಧಾಟಿಯ ಎರಡು ಹಾಡುಗಳಲ್ಲಿ ಒಂದಕ್ಕೆ ಸಂಸತ್ತಿನ ರಕ್ಷಣೆ, ಇನ್ನೊಂದಕ್ಕೆ ಹಾಡಿದವರ ಹೆಸರೂ ಇಲ್ಲ ಎಂಬ ಅಂತರವನ್ನು ಗಮನಿಸದೆ ಇರುವುದು ಹೇಗೆ?

ಕರಾವಳಿಯ ಮತ್ತೊಂದು ಪ್ರಕರಣವನ್ನೂ ನೆನೆಯಬಹುದು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಈ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದ್ದ ಡಾ. ಶಿವರಾಮ ಕಾರಂತರು ಯಕ್ಷಗಾನವನ್ನು ಹೊಸದಾಗಿ ಸಂಯೋಜಿಸಿ ಏಳು ಬ್ಯಾಲೆ ಪ್ರಸಂಗಗಳನ್ನು ರೂಪಿಸಿದ್ದರು. ಅವರ ನಿಧನಾನಂತರ 2001ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನವೊಂದರ ಕುರಿತು, ಉಯಿಲಿನ ಮೂಲಕ ಹಕ್ಕು ಪಡೆದವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಬೆಳೆದು 2009ರಲ್ಲಿ ತೀರ್ಮಾನವಾಯಿತು. ಸಾಹಿತ್ಯ ಕೃತಿ ಯಾವುದು, ನಾಟ್ಯ ಕೃತಿ ಯಾವುದು ಎಂಬ ಸೂಕ್ಷ್ಮವಾದ ಚರ್ಚೆ ಅಲ್ಲಿ ನಡೆಯಿತು. ಕಾರಂತರು ತಾವು ಮಾಡಿದ್ದನ್ನು ಯಕ್ಷಗಾನವೆಂದೇ ಕರೆದು ಪರಂಪರೆಯ ಋಣವನ್ನು ಹೆಸರಿನಲ್ಲಿಯೇ ಉಳಿಸಿಕೊಂಡವರು. ಆದರೂ ಆ ಹೆಜ್ಜೆಗಳನ್ನೂ ಮಟ್ಟುಗಳನ್ನೂ ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಮೇಳದ ಕಲಾವಿದರ ಪರವಾಗಿ ಯಾವ ವಕಾಲತ್ತೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಕೃತಿಸ್ವಾಮ್ಯದ ಕಾನೂನು ಒಬ್ಬ ಕರ್ತೃವನ್ನು ಹುಡುಕುತ್ತದೆ. ಕರ್ತೃ ಸಿಗದಿದ್ದಲ್ಲಿ ಅದು ಕೈಚೆಲ್ಲುತ್ತದೆ.

<b>ಅಂಕೋಲೆಯ ಕಂಠ</b>

ಕಾರವಾರದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಅಂಕೋಲಾ. ಈ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಹಿರಿಯ ಗಾಯಕಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತ್ತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯಿಂದ ಕಲಿತ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡು, ಮದುವೆಗೊಂದು, ಗದ್ದೆ ಕೆಲಸಕ್ಕೊಂದು, ಹಬ್ಬಕ್ಕೊಂದು ಎಂದು ಹಾಡುತ್ತ ಬಂದವರು. ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಸಂಘಟಿಸಿದವರು. ಅವರ ಕಂಠದ ಹಾಡುಗಳು ಆಕಾಶವಾಣಿಯಲ್ಲಿ, ವಿದ್ವಾಂಸರ ಸಂಗ್ರಹಗಳಲ್ಲಿ ಸೇರಿವೆ. ಹೆಸರೂ ಉಳಿಯಿತು, ಪ್ರಶಸ್ತಿಯೂ ಬಂತು. ಹಾಗಾದರೆ ಸಮಸ್ಯೆ ಎಲ್ಲಿದೆ ಎಂದು ಕೇಳಬಹುದು.

ಸಮಸ್ಯೆ ಇರುವುದು ಅವರ ಅಕ್ಕಪಕ್ಕದಲ್ಲಿ ನಿಂತು ದನಿಗೂಡಿಸಿದವರ ವಿಷಯದಲ್ಲಿ. ಹಾಲಕ್ಕಿ ಹಾಡು ಒಬ್ಬರೇ ಹಾಡುವುದಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು. ಸುಗ್ಗಿಯ ಕುಣಿತವಿರಲಿ, ಗುಮಟೆಯ ಪದವಿರಲಿ, ಕರಾವಳಿಯ ಇಂಥ ನೂರಾರು ಕಂಠಗಳು ನಮ್ಮ ಉತ್ಸವಗಳ ವೇದಿಕೆಗೆ ಬಂದು ಹೋಗಿವೆ. ಧ್ವನಿಸುರುಳಿಗಳಲ್ಲಿ, ಸಿನಿಮಾಗಳಲ್ಲಿ, ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಇಂಥ ಹಾಡುಗಳ ಮುಂದೆ ‘ರಚನೆ: ಜನಪದ’ ಎಂಬ ಎರಡು ಮಾತು ಇರುತ್ತದೆ. ಸಂಗೀತ ಸಂಯೋಜಕರ ಹೆಸರಿರುತ್ತದೆ, ಗಾಯಕರ ಹೆಸರಿರುತ್ತದೆ, ವಾದ್ಯದವರ ಹೆಸರೂ ಇರುತ್ತದೆ. ಆದರೆ ಆ ಹಾಡನ್ನು ಮೊದಲು ಧ್ವನಿಮುದ್ರಣ ಯಂತ್ರದ ಮುಂದೆ ಹಾಡಿದ ಹೆಂಗಸಿನ ಹೆಸರು, ಅವಳ ಊರು ಅಲ್ಲಿರುವುದಿಲ್ಲ. ‘ಜನಪದ’ ಎಂಬುದು ಗೌರವದ ಮಾತು, ನಿಜ. ವಿಳಾಸವಿಲ್ಲದ ಗೌರವ ಯಾರ ಮನೆಗೂ ತಲುಪುವುದಿಲ್ಲ.

ಇದನ್ನು ಇತರರ ಮೇಲಿನ ಆರೋಪವಾಗಿ ಬರೆಯುವ ಅರ್ಹತೆ ನನಗಿಲ್ಲ. ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕಾಗಿದೆ. ತೊಂಬತ್ತರ ದಶಕದಲ್ಲಿ ಕರಾವಳಿಯ ತಾಲ್ಲೂಕೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಸರ್ಕಾರಿ ಉತ್ಸವವೊಂದರ ಹೊಣೆ ನನ್ನ ಮೇಲೆ ಬಿತ್ತು. ಹಾಲಕ್ಕಿ ಹೆಂಗಸರ ಒಂದು ತಂಡವನ್ನು ಕರೆಸಿದ್ದೆವು. ಏಳೆಂಟು ಮಂದಿ, ಕೊರಳ ತುಂಬ ಕರಿಮಣಿ, ಉಟ್ಟ ಸೀರೆಯಲ್ಲಿಯೇ ಲಾರಿ ಹತ್ತಿ ಬಂದಿದ್ದರು. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ಎರಡು ಪುಟಗಳ ಹೆಸರುಗಳಿದ್ದವು. ಈ ತಂಡದ ಎದುರಿಗೆ ‘ಸ್ಥಳೀಯ ಮಹಿಳೆಯರಿಂದ ಜನಪದ ಹಾಡುಗಳು’ ಎಂಬ ಒಂದೇ ಸಾಲು. ಅವರು ಹಾಡಿದರು, ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಸಂಭಾವನೆ ಕೊಡುವ ಹೊತ್ತು. ಲೆಕ್ಕಪತ್ರ ಸರಿಯಿರಬೇಕಲ್ಲ, ನಮ್ಮ ಗುಮಾಸ್ತರು ಒಬ್ಬೊಬ್ಬರನ್ನೇ ಕರೆದು ಹೆಸರು, ಗಂಡನ ಹೆಸರು, ಊರು ಬರೆದುಕೊಂಡು, ರಶೀದಿ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ತಂಡದ ಹಿರಿಯಳು ನನ್ನ ಮೇಜಿನ ಬಳಿ ನಿಂತು, ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಒಡ್ಯಾ, ದುಡ್ಡು ಕೊಡೂಕೆ ಹೆಸ್ರು ಕೇಳ್ದ್ರಿ. ಮೈಕಲ್ಲಿ ಹೇಳೂಕೆ ಕೇಳಲಿಲ್ಲ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಏನೋ ಹೇಳಿ ನಕ್ಕು ಸುಮ್ಮನಾದೆ. ಉತ್ಸವದ ಸ್ಮರಣ ಸಂಚಿಕೆ ಹೊರಬಂದಾಗ ಅವರು ಹಾಡಿದ ಪದಗಳಲ್ಲಿ ಕೆಲವನ್ನು ಅಚ್ಚು ಹಾಕಿದೆವು. ಕೆಳಗೆ ‘ಸಂಗ್ರಹ: ಸಂಪಾದಕ ಮಂಡಳಿ’ ಎಂದಿತ್ತು, ಮುನ್ನುಡಿ ನನ್ನದು. ಹೆಬ್ಬೆಟ್ಟಿನ ರಶೀದಿಗಳು ಅದೇ ಕಚೇರಿಯ ಕಡತದಲ್ಲಿದ್ದವು. ಹೆಸರುಗಳು ನಮಗೆ ತಿಳಿದಿದ್ದವು, ಬೇಕೆಂದರೆ ಐದು ನಿಮಿಷದ ಕೆಲಸ. ಅದು ಬೇಕೆಂದು ನನಗೆ ತೋರಲೇ ಇಲ್ಲ. ಲೆಕ್ಕ ಪರಿಶೋಧನೆಯ ಅವಧಿ ಮುಗಿದ ಮೇಲೆ ಅಂಥ ಕಡತಗಳು ನಾಶವಾಗುತ್ತವೆ. ಆ ಹೆಸರುಗಳು ಈಗ ನನ್ನ ನೆನಪಿನಲ್ಲಿಯೂ ಇಲ್ಲ. ಕಾರವಾರದ ಅನಾಮಧೇಯ ಗಾಯಕರ ಬಗ್ಗೆ ಓದುವಾಗಲೆಲ್ಲ ನನಗೆ ಈ ರಶೀದಿಗಳು ನೆನಪಾಗುತ್ತವೆ.

<b>ಮಾವಿಗಿರುವ ಭಾಗ್ಯ</b>

ಅದೇ ಅಂಕೋಲೆಯ ‘ಕರಿ ಇಶಾಡ್’ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಇನ್ನು ಮುಂದೆ ಬೇರೆ ಎಲ್ಲಿಯೋ ಬೆಳೆದ ಹಣ್ಣನ್ನು ಆ ಹೆಸರಿನಲ್ಲಿ ಮಾರುವುದು ಕಾನೂನುಬಾಹಿರ. ಇದೇ ತಾಲ್ಲೂಕಿನ ಹೊನ್ನಳ್ಳಿಯ, ಅದೇ ಹಾಲಕ್ಕಿ ಸಮುದಾಯದ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ಅಗಲಿದರು. ಯಾವ ಮರದ ಬೀಜವನ್ನು ಯಾವಾಗ ಆಯಬೇಕು ಎಂಬ ಅವರ ತಿಳಿವಳಿಕೆಗೆ 2020ನೇ ಸಾಲಿನ ಪದ್ಮಶ್ರೀ ಸಂದಿತ್ತು. ಅಂಥ ತಿಳಿವಳಿಕೆಯನ್ನು ಪಂಚಾಯಿತಿ ಮಟ್ಟದ ದಾಖಲೆ ಪುಸ್ತಕದಲ್ಲಿ ಬರೆದಿಡಲು 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ವ್ಯವಸ್ಥೆಯಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಘಟನೆಯು 2024ರ ಮೇ ತಿಂಗಳಲ್ಲಿ ಅಂಗೀಕರಿಸಿದ ಒಪ್ಪಂದವು, ಸಸ್ಯಸಂಪತ್ತು ಅಥವಾ ಅದಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನವನ್ನು ಬಳಸಿ ಪೇಟೆಂಟ್ ಕೇಳುವವರು ಅದರ ಮೂಲವನ್ನು ತಿಳಿಸಬೇಕೆಂದು ಹೇಳುತ್ತದೆ. ಹಣ್ಣಿಗೆ ಊರಿನ ಹೆಸರಿದೆ, ಬೀಜಕ್ಕೆ ದಾಖಲೆಯಿದೆ. ಆದರೆ ಜನಪದ ಹಾಡಿನ ವಿಷಯದಲ್ಲಿ ಅದೇ ಸಂಘಟನೆಯ ಮಾತುಕತೆ ದಶಕಗಳಿಂದ ನಡೆಯುತ್ತಲೇ ಇದೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ ಎಂಬುದೇ ನನ್ನ ವಾದ. ಜನಪದ ಹಾಡಿನ ಬಳಕೆಗೆ ಶುಲ್ಕ ವಿಧಿಸುವುದು ಕಷ್ಟ. ಯಾರಿಗೆ ಎಷ್ಟು ಎಂಬ ಲೆಕ್ಕಕ್ಕೇ ಬಂದ ಹಣ ಖರ್ಚಾದೀತು. ಹೆಸರು ಹೇಳುವುದಕ್ಕೆ ಅಂಥ ಖರ್ಚಿಲ್ಲ. ಹೇಳುವವನಿಗೆ ಏನೂ ಕಡಿಮೆಯಾಗದು, ಹೇಳಿಸಿಕೊಂಡವರಿಗೆ ಮಾತ್ರ ಬಹಳ ಸಿಗುತ್ತದೆ. ಮುಂದಿನ ಕಾರ್ಯಕ್ರಮಕ್ಕೆ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಕಲಾವಿದರ ಮಾಸಾಶನದ ಅರ್ಜಿಗೆ ಲಗತ್ತಿಸಲು ಒಂದು ಮುದ್ರಿತ ಪುರಾವೆ ಇರುತ್ತದೆ. ಈ ಪುರಾವೆ ಇಲ್ಲದೆ ತಿರಸ್ಕೃತವಾದ ಅರ್ಜಿಗಳನ್ನು ಸೇವೆಯಲ್ಲಿದ್ದಾಗ ನಾನೇ ಕಂಡಿದ್ದೇನೆ. ಹತ್ತಾರು ವೇದಿಕೆಗಳಲ್ಲಿ ಹಾಡಿದವರು ಒಂದಾದರೂ ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು ತೋರಿಸಲಾರದೆ ನಿಲ್ಲುತ್ತಿದ್ದರು. ಆದ್ದರಿಂದ ಹೆಸರು ಎಂಬುದು ಬರಿಯ ಅಲಂಕಾರವಲ್ಲ. ಬಡ ಕಲಾವಿದರಿಗೆ ಅದು ಅನ್ನದ ಪ್ರಶ್ನೆಯೂ ಹೌದು.

ಜನಪದ ಹಾಡು ಸಮೂಹದ ಸೃಷ್ಟಿ, ಒಬ್ಬರ ಹೆಸರು ಹಾಕಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪ ಉಂಟು. ಇದು ತೂಕವುಳ್ಳ ಮಾತು. ಸುಕ್ರಿಯವರ ಹಾಡು ಅವರ ತಾಯಿಯದು, ತಾಯಿಗೆ ಕಲಿಸಿದ ಇನ್ನೊಬ್ಬರದು. ಆದರೆ ನಾವು ಕೇಳುತ್ತಿರುವುದು ಕರ್ತೃವಿನ ಪಟ್ಟವನ್ನಲ್ಲ. ‘ಹಾಡಿದವರು ಇಂಥವರು, ಊರು ಇದು, ಕಲಿತದ್ದು ಇವರಿಂದ, ಬರೆದುಕೊಂಡವರು ಇವರು’ ಎಂಬ ನಾಲ್ಕು ವಿವರಗಳನ್ನಷ್ಟೇ. ಇದರಿಂದ ಹಾಡು ಯಾರ ಖಾಸಗಿ ಸ್ವತ್ತೂ ಆಗುವುದಿಲ್ಲ. ಅದು ನಡೆದುಬಂದ ದಾರಿ ಮಾತ್ರ ಕಾಣುತ್ತದೆ. ನಿಷ್ಠೆಯ ಜಾನಪದ ಸಂಗ್ರಾಹಕರು ತಮ್ಮ ಪುಸ್ತಕಗಳಲ್ಲಿ ಇದನ್ನು ಮಾಡುತ್ತ ಬಂದಿದ್ದಾರೆ. ಅವರ ಪುಸ್ತಕದಿಂದ ಹಾಡನ್ನು ಎತ್ತಿಕೊಳ್ಳುವವರು ಅಡಿಟಿಪ್ಪಣಿಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ ಎಂಬುದೇ ದುಃಖ. ಅಕ್ಷರಸ್ಥ ಕವಿಗೂ ಈ ಗತಿ ತಪ್ಪಿದ್ದಲ್ಲ. ಅಂಕೋಲಾ ತಾಲ್ಲೂಕಿನಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ತಮ್ಮ ಚುಟುಕಗಳನ್ನು ‘ದಿನಕರನ ಚೌಪದಿ’ ಎಂದು ಕರೆದು ಹೆಸರನ್ನೇ ಮುದ್ರೆಯಾಗಿ ಒತ್ತಿದವರು. ಆದರೂ ಅವರ ನಾಲ್ಕು ಸಾಲನ್ನು ಸ್ವಂತದ್ದೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರನ್ನು ಅವರ ಜಿಲ್ಲೆಯಲ್ಲಿಯೇ ಕೇಳಿದ್ದೇನೆ. ಪುಸ್ತಕವಿರುವ ಕವಿಯನ್ನು ಓದುಗರು ಗುರುತಿಸಿಯಾರು, ಪುಸ್ತಕವಿಲ್ಲದವರನ್ನು ಗುರುತಿಸುವವರು ಯಾರು?

ಆಗಬೇಕಾದ ಕೆಲಸ ಸಣ್ಣದು. ಸರ್ಕಾರದ ಹಣದಿಂದ ನಡೆಯುವ ಯಾವುದೇ ಉತ್ಸವದ ಆಹ್ವಾನ ಪತ್ರಿಕೆಯಲ್ಲಿ ಜನಪದ ತಂಡದ ಪ್ರತಿಯೊಬ್ಬರ ಹೆಸರು, ಊರು ಇರಬೇಕೆಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಹೆಸರುಗಳನ್ನು ಹೇಗೂ ರಶೀದಿಗಾಗಿ ಬರೆದುಕೊಳ್ಳುತ್ತೇವೆ. ಅದೇ ಪಟ್ಟಿಯನ್ನು ವಾರದ ಮುಂಚೆ ಬರೆದುಕೊಂಡರೆ ಆಯಿತು. ಆಕಾಶವಾಣಿ, ಅಕಾಡೆಮಿಗಳು ಹಾಗೂ ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಹಳೆಯ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಕೈಬರಹದಲ್ಲಿರುವ ಹೆಸರುಗಳನ್ನು, ಅವು ಅಳಿಸಿಹೋಗುವ ಮುನ್ನ, ಸೂಚಿಯಾಗಿ ಪ್ರಕಟಿಸಬೇಕು. ‘ಜನಪದ’ ಎಂದು ಅಚ್ಚು ಹಾಕುವ ಸಂಗೀತ ಸಂಸ್ಥೆಗಳು ಯಾವ ಸಂಗ್ರಹದಿಂದ, ಯಾವ ಊರಿನ ಹಾಡನ್ನು ಪಡೆದವೆಂದು ಒಂದು ಸಾಲು ಸೇರಿಸಬೇಕು. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಹಾಲಕ್ಕಿ ಕುಣಿತ ಮಾಡಿಸುವ ಶಿಕ್ಷಕರು ಅದನ್ನು ಯಾರಿಂದ ಕಲಿತರೆಂದು ವೇದಿಕೆಯಲ್ಲಿ ಹೇಳಬೇಕು. ಸಾಧ್ಯವಾದರೆ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಬೇಕು. ಮಕ್ಕಳಿಗೆ ಕೃತಜ್ಞತೆಯ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಸಿಗದು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿಯೂ ಒಂದು ಕೆಲಸ ಬಾಕಿಯಿದೆ. ಕವಿಗೆ ಈ ಊರು ಒಂದು ನಾಟಕವನ್ನು ಕೊಟ್ಟಿತು ಎನ್ನುವಾಗ, ಕನ್ನಡದ ಧಾಟಿಗಳೂ ಅವರ ಗೀತೆಗಳಲ್ಲಿ ಸೇರಿವೆ ಎಂಬ ಮಾತನ್ನು ಒಂದು ಫಲಕದಲ್ಲಿ ಕನ್ನಡ ಮತ್ತು ಬಂಗಾಳಿ ಎರಡೂ ಲಿಪಿಗಳಲ್ಲಿ ಬರೆಸಬಹುದು. ಹಾಡಿದವರ ಹೆಸರಿನ ಜಾಗದಲ್ಲಿ ಏನು ಬರೆಯುವುದು? ಏನನ್ನೂ ಬರೆಯದೆ ಒಂದು ಸಾಲಿನಷ್ಟು ಜಾಗ ಬಿಟ್ಟರೆ ಸಾಕು. ನೋಡಿದವರು ಏಕೆಂದು ಕೇಳುತ್ತಾರೆ, ಊರಿನವರು ಹೇಳುತ್ತಾರೆ. ಮೂವತ್ತು ವರ್ಷಗಳ ಹಿಂದೆ ನನ್ನ ಮೇಜಿನ ಮುಂದೆ ನಿಂತಿದ್ದ ಆ ಹಿರಿಯಳಿಗೆ ನಾನು ಕೊಡದೆ ಉಳಿದ ಉತ್ತರಕ್ಕೂ ಅಲ್ಲಿ ಸ್ವಲ್ಪ ಜಾಗ ಸಿಕ್ಕೀತು.